ಮದ್ದಿಗೂ ಬೇಕು ಒಂದು ತಕ್ಕಡಿ

ಜ್ವರ ಬಂದವನಿಗೆ ಒಬ್ಬರು ಕಷಾಯ ಕುಡಿಸುತ್ತಾರೆ, ಇನ್ನೊಬ್ಬರು ಮಾತ್ರೆ ನುಂಗಿಸುತ್ತಾರೆ, ಮತ್ತೊಬ್ಬರು ತಾಯಿತ ಕಟ್ಟುತ್ತಾರೆ. ನಾಲ್ಕು ದಿನ ಕಳೆದ ಮೇಲೆ ಜ್ವರ ಇಳಿಯುತ್ತದೆ. ನಾಟಿದ ಮದ್ದು ಯಾರದು? ಮೂವರೂ ತಮ್ಮದೇ ಎನ್ನುತ್ತಾರೆ. ಅವರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳುತ್ತಿಲ್ಲ. ಏನೂ ಕೊಡದೆ ಸುಮ್ಮನಿದ್ದರೂ ಆ ಜ್ವರ ಇಳಿಯುತ್ತಿತ್ತೇ ಎಂಬ ಪ್ರಶ್ನೆಯೊಂದು ಮಾತ್ರ ಯಾರಿಗೂ ಹೊಳೆದಿರುವುದಿಲ್ಲ.

ಈ ಪ್ರಶ್ನೆಯನ್ನು ಸರಿಯಾಗಿ ಕೇಳುವುದನ್ನು ಮನುಷ್ಯ ಕಲಿತದ್ದು ತೀರ ಇತ್ತೀಚೆಗೆ. ವೈದ್ಯಶಾಸ್ತ್ರಕ್ಕೆ ಸಾವಿರಾರು ವರ್ಷಗಳ ಇತಿಹಾಸವಿದೆ. ಒಂದು ಚಿಕಿತ್ಸೆಯನ್ನು ಇನ್ನೊಂದರೊಡನೆ ನ್ಯಾಯವಾಗಿ ತೂಗಿ ನೋಡುವ ವಿಧಾನಕ್ಕಾದರೋ ನೂರು ವರ್ಷಗಳೂ ಸರಿಯಾಗಿ ತುಂಬಿಲ್ಲ. ಆ ತಕ್ಕಡಿಯನ್ನು ವೈದ್ಯರು ಮಾತ್ರವೇ ಕೂತು ಮಾಡಿದ್ದೂ ಅಲ್ಲ. ಗೋಧಿಯ ಹೊಲ, ಮನಶ್ಶಾಸ್ತ್ರದ ಪ್ರಯೋಗಶಾಲೆ, ಕ್ಷಯರೋಗಿಗಳ ವಾರ್ಡು, ಹಳ್ಳಿಯ ಶಾಲೆ ಇವೆಲ್ಲ ಅದಕ್ಕೆ ಒಂದೊಂದು ಭಾಗವನ್ನು ಕೊಟ್ಟಿವೆ. ಡಾಕ್ಟರೇಟ್ ಪದವಿಗಾಗಿ ಬರೆದ ಕೆಲವು ಮಹಾಪ್ರಬಂಧಗಳಿಗೂ ಈ ಕಥೆಯಲ್ಲಿ ಪಾಲಿದೆ.

ಲ್ಯಾಟಿನ್ ಪ್ರಬಂಧದ ಲೆಕ್ಕ

1816ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸೇನಾ ವೈದ್ಯ ಡಾಕ್ಟರ್ ಪದವಿಗಾಗಿ ಒಂದು ಪ್ರಬಂಧ ಒಪ್ಪಿಸಿದ. ಅಂದಿನ ಪದ್ಧತಿಯಂತೆ ಅದು ಲ್ಯಾಟಿನ್ ಭಾಷೆಯಲ್ಲಿತ್ತು. ಸೈನ್ಯದ ಬಿಡಾರಗಳಲ್ಲಿ ಹರಡುವ ಜ್ವರ ಅದರ ವಿಷಯ. ಆ ಕಾಲದಲ್ಲಿ ಜ್ವರಕ್ಕೆ ದೊಡ್ಡ ಮದ್ದೆಂದರೆ ರಕ್ತ ತೆಗೆಯುವುದು. ತೋಳಿನ ನರ ಕೊಯ್ದು ಬಟ್ಟಲುಗಟ್ಟಲೆ ರಕ್ತ ಹರಿಸಿದರೆ ಮೈಯ ಕೆಟ್ಟದ್ದೆಲ್ಲ ಹೊರಟುಹೋಗುತ್ತದೆ ಎಂದು ಯೂರೋಪಿನ ವೈದ್ಯರು ಶತಮಾನಗಳಿಂದ ನಂಬಿದ್ದರು.

ಹ್ಯಾಮಿಲ್ಟನ್ ಹೇಳಿದ ಲೆಕ್ಕ ಹೀಗಿದೆ. 1809ರಲ್ಲಿ ಪೋರ್ಚುಗಲ್‌ನಲ್ಲಿ ಯುದ್ಧ ನಡೆಯುತ್ತಿದ್ದಾಗ ಜ್ವರ ಬಂದ 366 ಸೈನಿಕರನ್ನು ಮೂವರು ವೈದ್ಯರು ಸರದಿಯ ಮೇಲೆ ಹಂಚಿಕೊಂಡರು. ಮೊದಲನೆಯವನು ಒಬ್ಬರಿಗೆ, ಎರಡನೆಯವನು ಇನ್ನೊಬ್ಬರಿಗೆ, ಮೂರನೆಯವನು ಮತ್ತೊಬ್ಬರಿಗೆ. ರೋಗಿಗಳ ಆರೈಕೆ, ಸೌಕರ್ಯ ಎಲ್ಲವೂ ಆದಷ್ಟು ಒಂದೇ ಬಗೆ. ಇಬ್ಬರು ವೈದ್ಯರು ಕತ್ತಿ ಮುಟ್ಟಲಿಲ್ಲ, ಮೂರನೆಯವರು ರಕ್ತ ತೆಗೆದರು. ರಕ್ತ ತೆಗೆಯದವರ ಪೈಕಿ ಒಬ್ಬರ ಕೈಯಲ್ಲಿ ಸತ್ತವರು 2 ಮಂದಿ, ಹ್ಯಾಮಿಲ್ಟನ್ ಕೈಯಲ್ಲಿ 4. ರಕ್ತ ತೆಗೆದ ವೈದ್ಯರ ಪಾಲಿಗೆ ಬಂದವರಲ್ಲಿ ಸತ್ತವರು 35 ಮಂದಿ.

ಈ ಅಂಕಿಗಳನ್ನು ಓದಿದ ಯಾರೇ ಆದರೂ ರಕ್ತ ತೆಗೆಯುವುದನ್ನು ಅಂದೇ ನಿಲ್ಲಿಸಬೇಕಿತ್ತು. ಯಾರೂ ನಿಲ್ಲಿಸಲಿಲ್ಲ. ಪ್ರಬಂಧ ಗ್ರಂಥಾಲಯದ ಕಪಾಟು ಸೇರಿತು. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ವೈದ್ಯಶಾಸ್ತ್ರದ ಇತಿಹಾಸಕಾರರು ಅದನ್ನು ತೆರೆದು ನೋಡಿ ಬೆರಗಾದರು. ಬೆರಗಿನ ಹಿಂದೆಯೇ ಅನುಮಾನವೂ ಬಂತು. ಹ್ಯಾಮಿಲ್ಟನ್ ವರ್ಷಗಟ್ಟಲೆ ದಿನಚರಿ ಬರೆದಿಟ್ಟ ಮನುಷ್ಯ. ಆ ದಿನಚರಿಗಳನ್ನು ಹುಡುಕಿದವರಿಗೆ ಇಂಥದೊಂದು ಪ್ರಯೋಗಕ್ಕೆ ಆಧಾರ ಸಿಗಲಿಲ್ಲ. ಪ್ರಯೋಗ ನಿಜವಾಗಿ ನಡೆಯಿತೇ ಅಥವಾ ಪದವಿಗಾಗಿ ಹೊಸೆದ ಕಥೆಯೇ ಎಂಬುದು ತೀರ್ಮಾನವಾಗದೆ ಉಳಿದಿದೆ.

ಕಥೆಯೇ ಆಗಿದ್ದರೂ ಅದರಿಂದ ಒಂದು ಸಂಗತಿ ತಿಳಿಯುತ್ತದೆ. ನ್ಯಾಯವಾದ ಹೋಲಿಕೆ ಹೇಗಿರಬೇಕು ಎಂಬುದು 1816ರಷ್ಟು ಹಿಂದೆಯೇ ಒಬ್ಬ ಪದವಿಯ ಅಭ್ಯರ್ಥಿಗೆ ಗೊತ್ತಿತ್ತು. ಕೊರತೆ ಇದ್ದದ್ದು ಎರಡು ಕಡೆ. ಬರೆದವನು ತನ್ನ ಮೂಲ ದಾಖಲೆಗಳನ್ನು ಯಾರಿಗೂ ತೋರಿಸಬೇಕಾಗಿರಲಿಲ್ಲ. ಓದಿದವರಿಗೆ ಅದನ್ನು ಮತ್ತೊಮ್ಮೆ ಮಾಡಿ ನೋಡೋಣವೆನ್ನುವ ಹಂಬಲವೂ ಇರಲಿಲ್ಲ.

ಎಣಿಸಿದ ವೈದ್ಯ

ಎಣಿಸಿ ನೋಡುವ ಹಟ ಹಿಡಿದವನು ಪ್ಯಾರಿಸ್‌ನ ಪಿಯರ್ ಲೂಯಿ. ಅವನ ಕಾಲದ ಫ್ರಾನ್ಸಿನಲ್ಲಿ ಜಿಗಣೆ ಕಚ್ಚಿಸಿ ರಕ್ತ ಹೀರಿಸುವುದು ಎಷ್ಟು ಬೆಳೆದಿತ್ತೆಂದರೆ, 1833ರ ಒಂದೇ ವರ್ಷ ಆ ದೇಶ ನಾಲ್ಕು ಕೋಟಿಗೂ ಹೆಚ್ಚು ಜಿಗಣೆಗಳನ್ನು ಹೊರಗಿನಿಂದ ತರಿಸಿಕೊಂಡಿತು. ಲೂಯಿ 1835ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನ್ಯುಮೋನಿಯಾದ 77 ರೋಗಿಗಳ ವಿವರ ಕೊಟ್ಟ. ಕಾಯಿಲೆಯ ಮೊದಲ ನಾಲ್ಕು ದಿನಗಳೊಳಗೆ ರಕ್ತ ತೆಗೆಸಿಕೊಂಡ 41 ಮಂದಿಯಲ್ಲಿ ಸತ್ತವರು 18. ಐದನೆಯ ದಿನದಿಂದ ಮುಂದೆ ತೆಗೆಸಿಕೊಂಡ 36 ಮಂದಿಯಲ್ಲಿ ಸತ್ತವರು 9. ಬೇಗ ರಕ್ತ ತೆಗೆದಷ್ಟೂ ಒಳ್ಳೆಯದೆಂದು ನಂಬಿದ್ದವರಿಗೆ ಇದು ದೊಡ್ಡ ಪೆಟ್ಟು.

ಆದರೆ ಈ ಲೆಕ್ಕದಲ್ಲೂ ಒಂದು ತೊಡಕಿದೆ. ಐದನೆಯ ದಿನ ರಕ್ತ ತೆಗೆಸಿಕೊಳ್ಳಬೇಕಾದರೆ ರೋಗಿ ಐದು ದಿನ ಬದುಕಿರಬೇಕಷ್ಟೆ! ಮೊದಲೇ ಗಟ್ಟಿಮುಟ್ಟಾಗಿದ್ದವರು ಎರಡನೆಯ ಗುಂಪಿನಲ್ಲಿ ಹೆಚ್ಚಾಗಿ ಉಳಿದಿದ್ದರೆ ಅವರು ಬದುಕಿದ್ದಕ್ಕೆ ಚಿಕಿತ್ಸೆ ಕಾರಣವೇ, ಅವರ ಮೈಕಟ್ಟು ಕಾರಣವೇ? ತಕ್ಕಡಿಯ ಎರಡು ತಟ್ಟೆಗಳು ಮೊದಲಿನಿಂದಲೇ ಸಮವಾಗಿರದಿದ್ದರೆ ತೂಕ ಎಷ್ಟು ಜಾಗರೂಕತೆಯಿಂದ ಮಾಡಿದರೂ ತಪ್ಪೇ. ಎಣಿಸಿದರೆ ಸಾಲದು, ಹಂಚಿಕೆಯೂ ಸರಿ ಇರಬೇಕು.

ಹೊಲದಲ್ಲಿ ಸಿಕ್ಕ ಉತ್ತರ

ಹಂಚಿಕೆ ಸರಿ ಮಾಡುವ ಉಪಾಯ ಹೊಳೆದದ್ದು ಆಸ್ಪತ್ರೆಯಿಂದ ದೂರದಲ್ಲಿ. 1884ರ ಸುಮಾರಿಗೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತತ್ತ್ವಜ್ಞಾನಿ ಚಾರ್ಲ್ಸ್ ಪರ್ಸ್ ಮತ್ತು ಅವನ ವಿದ್ಯಾರ್ಥಿ ಜೋಸೆಫ್ ಜಾಸ್ಟ್ರೊ ಕೈಯಲ್ಲಿ ಹಿಡಿದ ಭಾರದಲ್ಲಿ ಎಷ್ಟು ಸಣ್ಣ ವ್ಯತ್ಯಾಸ ಮನುಷ್ಯನಿಗೆ ತಿಳಿಯುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಯಾವಾಗ ಭಾರ ಹೆಚ್ಚಿಸಬೇಕು, ಯಾವಾಗ ಇಳಿಸಬೇಕು ಎಂಬುದನ್ನು ಮನಸ್ಸಿಗೆ ಬಂದಂತೆ ಗೊತ್ತುಮಾಡಿದರೆ ಎದುರಿಗಿದ್ದವನು ಊಹಿಸಿಬಿಡಬಹುದು. ಆದ್ದರಿಂದ ಅವರು ಇಸ್ಪೀಟು ಎಲೆಗಳನ್ನು ಕಲೆಸಿ, ಬಂದ ಎಲೆಯ ಪ್ರಕಾರ ಕ್ರಮ ನಿರ್ಧರಿಸಿದರು. ಜಾಸ್ಟ್ರೊ 1886ರಲ್ಲಿ ಡಾಕ್ಟರೇಟ್ ಪಡೆದ. ಇಸ್ಪೀಟಿನ ಉಪಾಯ ಮಾತ್ರ ಅಲ್ಲಿಗೇ ನಿಂತಿತು.

ಅದನ್ನು ಒಂದು ಶಾಸ್ತ್ರವಾಗಿ ಕಟ್ಟಿದವನು ರೊನಾಲ್ಡ್ ಫಿಶರ್. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಅವನು ಸೇರಿದಾಗ ಅಲ್ಲಿ 1843ರಿಂದ ಗೊಬ್ಬರದ ಪ್ರಯೋಗಗಳು ನಡೆದುಬಂದಿದ್ದವು. ಅವನ ಮುಂದಿದ್ದ ತೊಡಕು ನಮ್ಮ ಯಾವ ರೈತನಿಗೂ ಗೊತ್ತಿರುವಂಥದೇ. ಒಂದೇ ಹೊಲವಾದರೂ ಎಲ್ಲ ಕಡೆ ನೆಲ ಒಂದೇ ಅಲ್ಲ. ಕೆರೆ ಏರಿಯ ಕಡೆ ತೇವ, ದಿಬ್ಬದ ಕಡೆ ಗರಸು, ಬೇಲಿಯ ಕಡೆ ಮರದ ನೆರಳು. ಹೊಸ ಗೊಬ್ಬರವನ್ನು ಒಳ್ಳೆಯ ಮಣ್ಣಿಗೆ ಹಾಕಿ, ಹಳೆಯದನ್ನು ಗರಸಿಗೆ ಹಾಕಿದರೆ ಗೆಲ್ಲುವುದು ಗೊಬ್ಬರವಲ್ಲ, ಮಣ್ಣು.

ಫಿಶರ್ ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಒಡೆದು ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ ಎಂದ. ಚೀಟಿಗೆ ಮಣ್ಣಿನ ಗುಣ ಗೊತ್ತಿಲ್ಲ, ಪ್ರಯೋಗ ಮಾಡುವವನ ಆಸೆಯೂ ಗೊತ್ತಿಲ್ಲ. ತಾಕುಗಳು ಸಾಕಷ್ಟಿದ್ದರೆ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಎರಡೂ ಕಡೆಗೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. ನಮಗೆ ಗೊತ್ತಿರುವ ವ್ಯತ್ಯಾಸಗಳಷ್ಟೇ ಅಲ್ಲ, ಗೊತ್ತಿಲ್ಲದವೂ ಹಂಚಿಹೋಗುತ್ತವೆ. ಚೀಟಿಯ ನಿಜವಾದ ಬಲ ಅದೇ. 1925 ಮತ್ತು 1935ರಲ್ಲಿ ಬಂದ ಅವನ ಎರಡು ಪುಸ್ತಕಗಳು ಈ ವಿಚಾರವನ್ನು ಜೀವವಿಜ್ಞಾನದಿಂದ ಕೈಗಾರಿಕೆಯವರೆಗೆ ಎಲ್ಲೆಡೆ ಹರಡಿದವು.

ಫಿಶರ್ ಕೇಂಬ್ರಿಜ್‌ನಲ್ಲಿದ್ದಾಗ ಅವನ ಬಳಿ ಡಾಕ್ಟರೇಟ್ ಮಾಡಿದವರಲ್ಲಿ ಸಿ. ಆರ್. ರಾವ್ ಒಬ್ಬರು. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದ ಅವರು 1948ರಲ್ಲಿ ಪಿಎಚ್.ಡಿ. ಪಡೆದರು. ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಅಸ್ಥಿಗಳ ಅಳತೆಗಳನ್ನು ಲೆಕ್ಕ ಹಾಕುವುದಕ್ಕಾಗಿ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡಿದ್ದರು. ಮೂಳೆಯ ಗುಂಪುಗಳನ್ನು ಹೋಲಿಸುವುದಕ್ಕೆ ಬೇಕಾದ ಗಣಿತ, ಮುಂದೆ ಬೇರೆ ಬೇರೆ ಶಾಸ್ತ್ರಗಳಲ್ಲಿ ಬಗೆಬಗೆಯ ಗುಂಪುಗಳನ್ನು ಹೋಲಿಸುವುದಕ್ಕೂ ಬಂತು. 2023ರಲ್ಲಿ, 102ನೆಯ ವಯಸ್ಸಿನಲ್ಲಿ ರಾವ್ ತೀರಿಕೊಂಡರು.

ಸ್ಟ್ರೆಪ್ಟೊಮೈಸಿನ್ ಮತ್ತು ಮುಚ್ಚಿದ ಲಕೋಟೆ

ಹೊಲದ ಚೀಟಿ ಆಸ್ಪತ್ರೆಗೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿ ಅಮೆರಿಕದಲ್ಲಿ ಸಿಕ್ಕಿತ್ತು. ಬ್ರಿಟನ್ನಿಗೆ ಅದು ಬಂದದ್ದು ಅತಿ ಸ್ವಲ್ಪ. ಎಲ್ಲರಿಗೂ ಕೊಡುವಷ್ಟು ಇಲ್ಲ ಎಂದಮೇಲೆ ಯಾರಿಗೆ ಕೊಡುವುದು? ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ, ತಾನೇ ಯೌವನದಲ್ಲಿ ಕ್ಷಯದಿಂದ ನರಳಿದವನು, ಹಂಚಿಕೆಯನ್ನು ಮುಚ್ಚಿದ ಲಕೋಟೆಗಳಲ್ಲಿ ಇಡಿಸಿದ. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಲಕೋಟೆ ಒಡೆಯಬೇಕು. ವೈದ್ಯನ ಮಮತೆಗಾಗಲಿ, ರೋಗಿಯ ಶಿಫಾರಸಿಗಾಗಲಿ ಅಲ್ಲಿ ಎಡೆಯಿರಲಿಲ್ಲ. ಎಕ್ಸ್‌ರೇ ನೋಡಿ ತೀರ್ಪು ಹೇಳುವವರಿಗೂ ಅದು ಯಾವ ಗುಂಪಿನ ರೋಗಿಯದೆಂದು ತಿಳಿಸಲಿಲ್ಲ.

1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧಿ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ ಸತ್ತವರು 4. ಹಾಸಿಗೆಯ ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14. ಔಷಧಿ ಕೆಲಸ ಮಾಡುತ್ತದೆ ಎಂಬುದು ಖಚಿತವಾಯಿತು. ಅದೊಂದನ್ನೇ ಕೊಟ್ಟರೆ ರೋಗಾಣು ಬೇಗನೆ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದೂ ಅದೇ ಪ್ರಯೋಗದಿಂದ ಗೊತ್ತಾಯಿತು. ತಕ್ಕಡಿ ನ್ಯಾಯವಾಗಿದ್ದರೆ ಮೆಚ್ಚಿದ ಮದ್ದಿನ ದೋಷವನ್ನೂ ಅದು ತೋರಿಸಿಕೊಡುತ್ತದೆ.

ಮದರಾಸಿನ ಮನೆಮನೆಯಲ್ಲಿ

ಆಗ ಕ್ಷಯ ಎಂದರೆ ಸ್ಯಾನಟೋರಿಯಂ. ಒಳ್ಳೆಯ ಗಾಳಿ, ಪುಷ್ಟಿಯಾದ ಊಟ, ತಿಂಗಳುಗಟ್ಟಲೆ ವಿಶ್ರಾಂತಿ. ಮೈಸೂರಿನ ಕೃಷ್ಣಾಜಮ್ಮಣ್ಣಿ ಕ್ಷಯ ಆಸ್ಪತ್ರೆಯಂಥ ಜಾಗಗಳು ಆ ಕಾಲದ ನಂಬಿಕೆಯಿಂದಲೇ ಎದ್ದವು. ಆದರೆ ಭಾರತದ ಕ್ಷಯರೋಗಿಗಳಿಗೆಲ್ಲ ಹಾಸಿಗೆ ಒದಗಿಸುವುದು ಕನಸಿನ ಮಾತು. ಹಾಸಿಗೆ ಸಿಗದವನು ಸಾಯಬೇಕೇ?

1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅದರ ಹಿಂದಿದ್ದವು. ನಗರದ ಬಡ ಬಡಾವಣೆಗಳ 193 ರೋಗಿಗಳನ್ನು ಲಕೋಟೆಯ ಕ್ರಮದಲ್ಲೇ ಎರಡು ಪಾಲು ಮಾಡಿದರು. ಇಬ್ಬರಿಗೂ ಒಂದು ವರ್ಷ ಅದೇ ಮಾತ್ರೆಗಳು. ಒಂದು ಪಾಲಿನವರು ಸ್ಯಾನಟೋರಿಯಂನಲ್ಲಿ ಹೊಟ್ಟೆ ತುಂಬ ಉಂಡು ಮಲಗಿದರು. ಇನ್ನೊಂದು ಪಾಲಿನವರು ಗಾಳಿಯಾಡದ ತಮ್ಮ ಮನೆಗಳಲ್ಲೇ ಉಳಿದು, ಇದ್ದದ್ದನ್ನು ಉಂಡರು.

ಒಂದು ವರ್ಷದ ಕೊನೆಗೆ ಸ್ಯಾನಟೋರಿಯಂನಲ್ಲಿ ನೂರಕ್ಕೆ 92 ಮಂದಿಯ, ಮನೆಯಲ್ಲಿದ್ದವರಲ್ಲಿ ನೂರಕ್ಕೆ 86 ಮಂದಿಯ ಕಾಯಿಲೆ ಅಡಗಿತ್ತು. ಐದು ವರ್ಷ ಬೆನ್ನು ಹತ್ತಿ ನೋಡಿದಾಗ ಆ ಅಂತರವೂ ಉಳಿಯಲಿಲ್ಲ. ಮನೆಯ ಹೆಂಡತಿ ಮಕ್ಕಳಿಗೆ ರೋಗ ಹೆಚ್ಚಾಗಿ ತಗುಲುತ್ತದೆಂಬ ಭಯವೂ ಸುಳ್ಳಾಯಿತು. ಗುಣ ಮಾಡುತ್ತಿದ್ದದ್ದು ಗಾಳಿಯಲ್ಲ, ಹಾಸಿಗೆಯಲ್ಲ, ತಪ್ಪದೆ ನುಂಗಿದ ಮಾತ್ರೆ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಪ್ರಪಂಚದ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ತಿರುಗಿಸಿತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮಾಜಶಾಸ್ತ್ರದ ರೀತಿಯಲ್ಲಿ ವಿಚಾರಿಸಿ 1963ರಲ್ಲಿ ವರದಿ ಬರೆದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಪೇಟೆಯವರ ನಂಬಿಕೆಯಾಗಿತ್ತು. ಆದರೆ ಕ್ಷಯ ತಗುಲಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ವೈದ್ಯರ ಬಳಿ ಹೋಗಿಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ತಪ್ಪು ರೋಗಿಯದಲ್ಲ, ವ್ಯವಸ್ಥೆಯದು. ಇದನ್ನು ಕಂಡುಕೊಳ್ಳುವುದಕ್ಕೆ ಚೀಟಿ ಬೇಕಾಗಲಿಲ್ಲ, ರೋಗಿಯ ಮನೆ ಬಾಗಿಲಿಗೆ ಹೋಗಿ ಕೇಳುವ ತಾಳ್ಮೆ ಬೇಕಾಯಿತು.

ಚೀಟಿ ಎತ್ತಲಾಗದ ಕಡೆ

ಎಲ್ಲ ಶಾಸ್ತ್ರಗಳಲ್ಲೂ ಚೀಟಿ ಎತ್ತುವುದು ಆಗುವ ಮಾತಲ್ಲ. ಶಾಲೆ ಕಟ್ಟಿದ್ದರಿಂದ ಬಡವರ ಬದುಕು ಸುಧಾರಿಸಿತೇ ಎಂದು ತಿಳಿಯುವುದಕ್ಕೆ ಅರ್ಧ ಮಕ್ಕಳನ್ನು ಬೇಕೆಂದೇ ಶಾಲೆಯಿಂದ ಹೊರಗಿಡುವಂತಿಲ್ಲ. ಶಾಲೆ ಇರುವ ಊರನ್ನೂ ಇಲ್ಲದ ಊರನ್ನೂ ಹೋಲಿಸಿದರೆ ಲೂಯಿಯ ತೊಡಕೇ ಮತ್ತೆ ಎದುರಾಗುತ್ತದೆ. ಆ ಊರುಗಳು ಮೊದಲೇ ಬೇರೆ ಬೇರೆ.

1999ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಸ್ತರ್ ಡುಫ್ಲೊ ಬರೆದ ಪಿಎಚ್.ಡಿ. ಪ್ರಬಂಧ ಈ ಗಂಟನ್ನು ಜಾಣತನದಿಂದ ಬಿಡಿಸಿತು. ತೈಲದ ಹಣ ಬಂದಾಗ ಇಂಡೊನೇಷ್ಯ ಸರ್ಕಾರ 1973ರಿಂದ 1978ರವರೆಗೆ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿಸಿತ್ತು. ಕೆಲವು ಜಿಲ್ಲೆಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ. ಶಾಲೆ ಬರುವ ಹೊತ್ತಿಗೆ ಹನ್ನೆರಡು ದಾಟಿದ್ದ ಹುಡುಗರಿಗೆ ಅದರಿಂದ ಪ್ರಯೋಜನವಿಲ್ಲ, ಅವರ ತಮ್ಮಂದಿರಿಗೆ ಇದೆ. ಅಣ್ಣಂದಿರಿಗೂ ತಮ್ಮಂದಿರಿಗೂ ಇರುವ ಅಂತರ ಹೆಚ್ಚು ಶಾಲೆಗಳು ಬಂದ ಜಿಲ್ಲೆಯಲ್ಲಿ ಎಷ್ಟು, ಕಡಿಮೆ ಬಂದ ಜಿಲ್ಲೆಯಲ್ಲಿ ಎಷ್ಟು? ಈ ಎರಡು ಅಂತರಗಳ ನಡುವಿನ ವ್ಯತ್ಯಾಸವೇ ಶಾಲೆಯ ಫಲ. ಓದಿನ ವರ್ಷಗಳೂ ಹೆಚ್ಚಿದ್ದವು, ಮುಂದೆ ಅವರ ಸಂಪಾದನೆಯೂ ಹೆಚ್ಚಿತ್ತು. ಡುಫ್ಲೊ 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಬೆಳಗಾವಿಯ ಪಾಠ

ಒಂದು ಕಡೆ ಗೆದ್ದ ಮದ್ದು ಎಲ್ಲ ಕಡೆ ಗೆಲ್ಲುತ್ತದೆಯೇ? ದಿನ ತುಂಬುವ ಮುಂಚೆ ಹೆರಿಗೆಯಾಗುವ ಸಂಭವವಿರುವ ತಾಯಂದಿರಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಹುಟ್ಟುವ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ನ್ಯೂಜಿಲೆಂಡಿನ ವೈದ್ಯರು 1972ರಲ್ಲಿ ತೋರಿಸಿದ್ದರು. ಅದರ ಸುಳಿವು ಸಿಕ್ಕಿದ್ದು ಕುರಿಮರಿಗಳ ಮೇಲಿನ ಪ್ರಯೋಗದಲ್ಲಿ. ಆಮೇಲೆ ಹಲವಾರು ಪ್ರಯೋಗಗಳು ನಡೆದರೂ ಅವನ್ನೆಲ್ಲ ಒಟ್ಟುಗೂಡಿಸಿ ನೋಡುವುದು ತಡವಾಗಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡುವಾಗ 1994 ಆಗಿತ್ತು. ನಡುವಿನ ಇಪ್ಪತ್ತೆರಡು ವರ್ಷಗಳಲ್ಲಿ ಉಳಿಯಬಹುದಾಗಿದ್ದ ಎಷ್ಟೋ ಕೂಸುಗಳು ಉಳಿಯಲಿಲ್ಲ.

ಇದೇ ಮದ್ದನ್ನು ಬಡ ದೇಶಗಳ ಹಳ್ಳಿಹಳ್ಳಿಗೆ ಮುಟ್ಟಿಸಿದರೆ ಹೇಗೆ ಎಂದು ಆರು ದೇಶಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಭಾರತದಲ್ಲಿ ಅದು ನಡೆದ ಜಾಗಗಳಲ್ಲಿ ಬೆಳಗಾವಿಯೂ ಒಂದು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ತೀರ ಸಣ್ಣ ಕೂಸುಗಳ ಸಾವು ಇಳಿದಿರಲಿಲ್ಲ, ಒಟ್ಟು ಕೂಸುಗಳಲ್ಲಿ ಸಾವಿರಕ್ಕೆ ಮೂರೂವರೆಯಷ್ಟು ಸಾವು ಹೆಚ್ಚಾಗಿತ್ತು! ಬಸಿರಿನ ದಿನಗಳ ಲೆಕ್ಕ ಸರಿಯಾಗಿ ಸಿಗದ ಕಡೆ, ಮದ್ದು ಬೇಕಿಲ್ಲದ ಅನೇಕ ತಾಯಂದಿರಿಗೂ ಅದು ಹೋಗಿತ್ತು.

ಹಾಗಾದರೆ ಮದ್ದನ್ನೇ ಬಿಡಬೇಕೇ? ಮತ್ತೊಂದು ಪ್ರಯೋಗ ಹೂಡಿದರು. ಅದರಲ್ಲೂ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಪಾಲುಗೊಂಡಿತು. ಈ ಸಲ ಆಸ್ಪತ್ರೆಗಳಲ್ಲಿ ಮಾತ್ರ, ಸ್ಕ್ಯಾನ್ ಮಾಡಿ ಬಸಿರಿನ ವಾರಗಳನ್ನು ಖಚಿತಮಾಡಿಕೊಂಡು, ಕೂಸಿನ ಆರೈಕೆಗೆ ಏರ್ಪಾಡು ಇರುವ ಕಡೆ ಮದ್ದು ಕೊಟ್ಟರು. 2020ರಲ್ಲಿ ಉತ್ತರ ಬಂತು. ಮದ್ದು ಸಿಗದ ಗುಂಪಿನಲ್ಲಿ ನೂರಕ್ಕೆ 23.5 ಕೂಸುಗಳು ತೀರಿಹೋಗಿದ್ದರೆ ಮದ್ದು ಸಿಕ್ಕ ಗುಂಪಿನಲ್ಲಿ 19.6. ಮದ್ದು ಅದೇ. ಬದಲಾಗಿದ್ದು ಅದನ್ನು ಯಾರಿಗೆ, ಎಲ್ಲಿ, ಹೇಗೆ ಕೊಟ್ಟರು ಎಂಬುದು.

ಕಪಾಟಿನಿಂದ ಹೊರಗೆ

ಭಾರತದ ವಿಶ್ವವಿದ್ಯಾಲಯಗಳಲ್ಲಿ ಎರಡು ಬೋಧನಾ ಕ್ರಮಗಳನ್ನು, ಎರಡು ಬಿತ್ತನೆ ತಳಿಗಳನ್ನು, ಎರಡು ಚಿಕಿತ್ಸೆಗಳನ್ನು ಹೋಲಿಸಿ ಮಹಾಪ್ರಬಂಧ ಬರೆಯುವವರು ಬಹಳ. ಅವರ ಮುಂದಿರುವುದು ಈ ಹಳೆಯ ಪ್ರಶ್ನೆಗಳೇ. ಹೊಸ ಕ್ರಮದಲ್ಲಿ ಪಾಠ ಮಾಡಿದ ತರಗತಿಯೇ ಮೊದಲಿನಿಂದ ಜಾಣರ ತರಗತಿಯಾಗಿತ್ತೇ? ಪಾಠ ಮಾಡಿದವರೇ ಪರೀಕ್ಷೆಯ ಅಂಕವನ್ನೂ ಕೊಟ್ಟರೇ? ಹೊಸತೆಂಬ ಹುರುಪು ಇಳಿದ ಮೇಲೂ ಫಲ ಉಳಿಯಿತೇ?

ಈ ನಿಟ್ಟಿನಲ್ಲಿ ಕೆಲವು ಬಾಗಿಲುಗಳು ತೆರೆದಿವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮದ ನಂತರ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಭಂಡಾರ ಸೇರುತ್ತಿವೆ, ಯಾರು ಬೇಕಾದರೂ ತೆರೆದು ಓದಬಹುದು. 2007ರಿಂದ ಔಷಧ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಪುಸ್ತಕವಿದೆ, 2009ರಿಂದ ಪ್ರಯೋಗಕ್ಕೆ ಮೊದಲೇ ಅದರಲ್ಲಿ ಹೆಸರು ಬರೆಸುವುದು ಕಡ್ಡಾಯವಾಯಿತು. ಏನನ್ನು ಅಳೆಯುತ್ತೇವೆಂದು ಮೊದಲೇ ಹೇಳಿಟ್ಟವರಿಗೆ ಆಮೇಲೆ ಮಾತು ತಿರುಗಿಸುವುದು ಕಷ್ಟ. 2019ರ ಕೊನೆಯಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ಪಾಠವನ್ನು ಎಲ್ಲ ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಲಾಯಿತು.

ಆದರೂ ನಿಯಮದಿಂದ ಬಾರದ ಒಂದು ಗುಣವಿದೆ. ತಾನು ನಂಬಿದ ಮದ್ದು ಸೋತಾಗ, ಸೋತಿತು ಎಂದು ಬರೆಯುವ ಎದೆಗಾರಿಕೆ ಅದು. ವ್ಯತ್ಯಾಸ ಕಾಣಲಿಲ್ಲ ಎಂದು ಮುಗಿಯುವ ಪ್ರಬಂಧಕ್ಕೆ ನಮ್ಮಲ್ಲಿ ಮಾರ್ಗದರ್ಶಕರೂ ಹೆದರುತ್ತಾರೆ, ವಿದ್ಯಾರ್ಥಿಯೂ ಹೆದರುತ್ತಾನೆ. ಸ್ಯಾನಟೋರಿಯಂನಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ ಎಂಬ ಮದರಾಸಿನ ಉತ್ತರ ಲಕ್ಷಾಂತರ ಬಡ ರೋಗಿಗಳಿಗೆ ಮನೆಯಲ್ಲೇ ಬದುಕುವ ದಾರಿ ತೋರಿಸಿತು. ಹಳ್ಳಿಗೆ ಮುಟ್ಟಿಸಿದ ಮದ್ದು ಕೂಸುಗಳನ್ನು ಉಳಿಸಲಿಲ್ಲ ಎಂದು 2015ರಲ್ಲಿ ಮುಚ್ಚಿಡದೆ ಹೇಳಿದ್ದರಿಂದಲೇ 2020ರ ಸರಿಯಾದ ಉತ್ತರ ಸಿಕ್ಕಿತು. ತಕ್ಕಡಿ ಹಿಡಿದವನು ಯಾವ ತಟ್ಟೆ ಕೆಳಗಿಳಿಯಬೇಕೆಂದು ಆಸೆಪಡಬಹುದು. ಬೆರಳಿನಿಂದ ಒತ್ತಬಾರದು, ಅಷ್ಟೆ.